ಏಕಾದಶಿಯ ತುತ್ತು

ನನ್ನ ಮಗಳು ನನ್ನ ಕೈ ಬಿಟ್ಟರೆ ಬೇರೆ ಯಾರ ಕೈಯಿಂದಲೂ ಉಣ್ಣುವುದಿಲ್ಲ ಎಂದು ಬಂದವರ ಮುಂದೆ ನಾನು ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು. ಹೇಳುವಾಗ ದನಿಯಲ್ಲಿ ಸ್ವಲ್ಪ ಜಂಬವೂ ಇರುತ್ತಿತ್ತು. ಬಂದವರು “ತಾಯಿ ಅಂದ್ರ ತಾಯಿನ ನೋಡ್ರಿ” ಎಂದು ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಅವರಿಗೆ ಎದ್ದು ಹೋಗಲು ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ಜಂಬ ಇಳಿಯುವುದಕ್ಕೆ ಬಹಳ ದಿನ ಬೇಕಾಗಲಿಲ್ಲ.

ನಮ್ಮ ಮನೆ ಕಲಬುರ್ಗಿಯ ಜಗತ್ ಸರ್ಕಲ್ಲಿನ ಹಿಂದಿನ ಓಣಿಯಲ್ಲಿತ್ತು. ಪರಸಿ ಕಲ್ಲಿನ ನೆಲದ ಹಳೆಯ ಮನೆ. ಮುಂದೆ ಪಡಸಾಲೆ, ಹಿಂದೆ ಅಡಿಗೆಮನೆ, ಅದರ ಪಕ್ಕ ದೇವರಮನೆ. ಪಡಸಾಲೆಯ ಮಗ್ಗುಲಿಗೆ ಒಂದು ಸಣ್ಣ ಕೋಣೆ. ಎಂಬತ್ತರ ದಶಕದ ನಡುವೆ ಮಗಳು ಹುಟ್ಟಿದಳು. ಅಲ್ಲಿಂದ ಹತ್ತು ಹನ್ನೊಂದು ವರ್ಷ ನಾನು ಆ ಕೋಣೆಯಲ್ಲಿದ್ದೆ. ಕಿಟಕಿಯಿಂದ ಎದುರು ಮನೆಯ ಗೋಡೆ ಕಾಣುತ್ತಿತ್ತು. ಕತ್ತು ಪೂರ್ತಿ ಹೊರಳಿಸಿದರೆ ಸರ್ಕಲ್ಲಿನ ಕಡೆ ಹೋಗುವ ರಿಕ್ಷಾಗಳ ಬೆನ್ನು ಕಾಣುತ್ತಿತ್ತು. ಜೈಲಿನಲ್ಲಿದ್ದವರಿಗೆ ಭೇಟಿಗೆ ಯಾರೂ ಬರುವುದಿಲ್ಲ ಎಂಬ ದುಃಖವಿರುತ್ತದಂತೆ. ನನಗೆ ದಿನಾ ಬರುತ್ತಾರಲ್ಲ ಎಂಬ ದುಃಖ. ಒಬ್ಬರು ನಾಗಪ್ರತಿಷ್ಠೆ ಮಾಡಿಸಲು ಹೇಳಿದರು. ಇನ್ನೊಬ್ಬರು ಬಸಿರಿದ್ದಾಗ ಗ್ರಹಣ ನೋಡಿದ್ದೆಯಾ ಎಂದು ತನಿಖೆ ಮಾಡಿದರು. ದೂರದ ಬಂಧುವೊಬ್ಬಾಕೆ ನನ್ನ ಬೆನ್ನು ಸವರುತ್ತ, “ಇನ್ನೊಂದು ಹಡದ ಬಿಡು. ಇದರ ದುಃಖ ತಾನ ಮರೀತದ” ಎಂದಳು. “ಹಡೀತೀನ್ರಿ, ಇದನ್ನ ನೀವು ಒಯ್ದು ಇಟ್ಕೋರಿ ಹಂಗಾರ” ಎಂದೆ. ಆಕೆ ಮತ್ತೆ ಬರಲಿಲ್ಲ. ಒಂದು ಭೇಟಿ ಕಡಿಮೆಯಾಯಿತೆಂದು ನಾನು ಹಗುರಾದೆ.

ಮಗಳು ಹುಟ್ಟಿದಾಗ ಅಳಲಿಲ್ಲ. ಬೆನ್ನು ತಟ್ಟಿ, ಕಾಲು ಹಿಡಿದು ತಲೆಕೆಳಗೆ ಮಾಡಿ ಏನೇನೋ ಮಾಡಿದ ಮೇಲೆ ಬೆಕ್ಕಿನ ಮರಿಯ ಹಾಗೆ ಸಣ್ಣಗೆ ದನಿ ತೆಗೆದಳು. ಆ ಹೊತ್ತಿಗೆ ಮಿದುಳಿಗೆ ಉಸಿರು ಸಾಲದೆ ಆಗಬಾರದ್ದು ಆಗಿಹೋಗಿತ್ತು. ಕುತ್ತಿಗೆ ನಿಲ್ಲಲಿಲ್ಲ, ಕೂಡಲಿಲ್ಲ, ಮಾತು ಬರಲಿಲ್ಲ. ಕೈಕಾಲು ಬಿಗಿಯುತ್ತಿದ್ದವು. ಆಗಾಗ ಫಿಟ್ಸ್ ಬರುತ್ತಿತ್ತು. ಆದರೆ ಕಣ್ಣಿತ್ತು. ಆ ಕಣ್ಣಿನಲ್ಲಿ ಎಲ್ಲ ಇತ್ತು. ಯಾರು ಒಳಗೆ ಬಂದರು, ಯಾರು ಸಿಟ್ಟಿನಲ್ಲಿದ್ದಾರೆ, ಯಾರ ನಗೆ ಸುಳ್ಳು, ಎಲ್ಲ ಅವಳಿಗೆ ತಿಳಿಯುತ್ತಿತ್ತು. ಇಷ್ಟನ್ನು ಡಾಕ್ಟರಿಗೆ ಹೇಳಿದರೆ ಅವರು ಫೈಲು ಮುಚ್ಚುತ್ತ “ತಾಯಂದಿರಿಗೆ ಹಂಗ ಅನಸ್ತದ” ಎನ್ನುತ್ತಿದ್ದರು.

ಎಲ್ಲಕ್ಕಿಂತ ಕಷ್ಟವಾದದ್ದು ನುಂಗುವುದು. ನಾವೆಲ್ಲ ದಿನಕ್ಕೆ ಸಾವಿರ ಸಲ ಗಮನವಿಲ್ಲದೆ ಮಾಡುವ ಕೆಲಸ ಅವಳಿಗೆ ಬರುತ್ತಿರಲಿಲ್ಲ. ಉಣಿಸುವುದೆಂದರೆ ಹೀಗೆ: ಮೆತ್ತಗೆ ಬೇಯಿಸಿದ ಅನ್ನಕ್ಕೆ ತೊಗರಿಬೇಳೆಯ ಕಟ್ಟು, ಒಂದು ಹನಿ ತುಪ್ಪ ಹಾಕಿ, ಹಿತ್ತಾಳೆ ಸೌಟಿನ ಬೆನ್ನಿನಿಂದ ತಿಕ್ಕಿ ತಿಕ್ಕಿ ಒಂದು ಅಗುಳೂ ಉಳಿಯದಂತೆ ಮಾಡಬೇಕು. ಅವಳನ್ನು ಎಡತೊಡೆಯ ಮೇಲೆ ಓರೆಯಾಗಿ ಮಲಗಿಸಿಕೊಂಡು, ಗದ್ದ ಎದೆಯ ಕಡೆಗೆ ಬಾಗುವಂತೆ ತಲೆಯನ್ನು ಮೊಳಕೈಯಲ್ಲಿ ಹಿಡಿಯಬೇಕು. ಬೆರಳ ತುದಿಯಲ್ಲಿ ಕಡಲೆಯಷ್ಟು ತೆಗೆದು ಎಡಗೆನ್ನೆಯ ಒಳಗೆ ಇಡಬೇಕು. ನಾಲಿಗೆಯ ಮೇಲೆ ಇಟ್ಟರೆ ನಾಲಿಗೆ ಅದನ್ನು ಹೊರಗೆ ದಬ್ಬುತ್ತದೆ. ಆಮೇಲೆ ಗಂಟಲ ಮೇಲೆ ಬೆರಳನ್ನು ಮೆಲ್ಲಗೆ ಕೆಳಗೆ ಎಳೆಯುತ್ತ ಕಾಯಬೇಕು. ಗುಟುಕ್ ಎಂದು ಇಳಿದದ್ದು ಬೆರಳಿಗೆ ಗೊತ್ತಾಗುತ್ತದೆ. ಇಳಿದ ಮೇಲೇ ಎರಡನೆಯದು. ಅವಸರ ಮಾಡಿದರೆ ತುತ್ತು ಶ್ವಾಸನಾಳಕ್ಕೆ ಹೋಗುತ್ತದೆ. ಒಂದು ಹೊತ್ತಿನ ಊಟ ಮುಗಿಯುವಷ್ಟರಲ್ಲಿ ಮುಂದಿನ ಹೊತ್ತಿನ ಅನ್ನಕ್ಕೆ ಅಕ್ಕಿ ತೊಳೆಯುವ ಸಮಯವಾಗಿರುತ್ತಿತ್ತು.

ಹಾಗೆ ಕಾಯುತ್ತ ಕೂತಾಗ ಬೇರೆ ತಾಯಂದಿರು ಹಾಡು ಹೇಳುತ್ತಾರೇನೋ. ನಾನು ಬೈಯುತ್ತಿದ್ದೆ. “ನುಂಗಽ ಮಹಾರಾಣಿ, ನುಂಗು. ಇಡೀ ಕಲಬುರ್ಗಿ ಉಂಡು ಕೈ ತೊಳಕೊಂಡು ಮಲಗೇದ. ನಿಂದೊಂದಽ ಪಂಕ್ತಿ ಇನ್ನೂ ನಡದದ” ಎಂದು ಶುರುವಾದರೆ ಅವಳ ಅಪ್ಪನ ಮನೆತನ, ನನ್ನ ಹಣೆಬರಹ, ಗ್ಯಾಸಿನ ಕಂಪನಿ, ಎಲ್ಲದಕ್ಕೂ ಒಂದು ಸುತ್ತು ಮಂಗಳಾರತಿ ಆಗುತ್ತಿತ್ತು. ಅವಳ ಕಣ್ಣು ಅರಳುತ್ತಿತ್ತು. ಬೈಗುಳ ನಿಂತರೆ ಬಾಯಿ ಮುಚ್ಚುತ್ತಿದ್ದಳು.

ಮನೆಯಲ್ಲಿ ಇನ್ನೊಬ್ಬ ಹೆಂಗಸಿದ್ದರು. ನನ್ನ ಅತ್ತೆ. ಅವರು ವಿಧವೆ. ನಾವು ವೈಷ್ಣವರು, ಮನೆಯಲ್ಲಿ ಅರ್ಧ ಕನ್ನಡ ಅರ್ಧ ಮರಾಠಿ. ಅತ್ತೆಯವರ ಮಡಿಯ ಬಗ್ಗೆ ಓಣಿಯಲ್ಲೆಲ್ಲ ಹೆಸರಿತ್ತು. ಬೆಳಿಗ್ಗೆ ತಣ್ಣೀರು ಸುರಿದುಕೊಂಡು, ಯಾರೂ ಮುಟ್ಟದಂತೆ ಎತ್ತರದ ಗಳದ ಮೇಲೆ ಒಣಗಿಸಿದ ಸೀರೆ ಉಟ್ಟರೆಂದರೆ ಅಡಿಗೆ, ನೈವೇದ್ಯ, ಊಟ ಮುಗಿಯುವ ತನಕ ಅವರ ಹತ್ತಿರ ಗಾಳಿಯೂ ವಿಚಾರ ಮಾಡಿ ಸುಳಿಯಬೇಕು. ಏಕಾದಶಿಯ ದಿನ ನೀರನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಒಮ್ಮೆ ನೂರಾ ಮೂರು ಡಿಗ್ರಿ ಜ್ವರದಲ್ಲಿ ಮಗ ಕೈಮುಗಿದು ಗುಳಿಗೆ ನುಂಗೆಂದರೆ, “ನಾಳಿ ಸೂರ್ಯ ಹುಟ್ಟತಾನೋ ಇಲ್ಲೋ?” ಎಂದು ಗೋಡೆಯ ಕಡೆಗೆ ಹೊರಳಿದ್ದರು.

ಅಂಥವರು ಮೊಮ್ಮಗಳಿಗಾಗಿ ಒಂದು ರಿಯಾಯಿತಿ ಮಾಡಿಕೊಂಡಿದ್ದರು. ಬತ್ತಲೆ ಕೂಸಿಗೆ ಮೈಲಿಗೆ ಇಲ್ಲ ಎಂಬುದು ನಮ್ಮ ಮನೆಗಳ ರೂಢಿ. ಅಂಗಿ ಬಿಚ್ಚಿ ಕೊಟ್ಟರೆ ಮಡಿಯಲ್ಲಿದ್ದವರೂ ಎತ್ತಿಕೊಳ್ಳಬಹುದು. ಹಾಗೆ ಎತ್ತಿಕೊಂಡು “ಬಾಳಾ, ಮಾಝ್ಯಾ ಬಾಳಾ” ಎಂದು ಮರಾಠಿಯಲ್ಲಿ ಮುದ್ದು ಮಾಡುತ್ತಿದ್ದರು. ಆದರೆ ಎಂಜಲಿಗೆ ಮಾತ್ರ ರಿಯಾಯಿತಿ ಇರಲಿಲ್ಲ. ಬೆರಳು ಕೂಸಿನ ಬಾಯಿಗೆ ತಾಗಿದರೆ ಮಡಿ ಹೋಯಿತು.

ಮಗಳಿಗೆ ಒಂದೂವರೆ ವರ್ಷವಿದ್ದಾಗ ನಾನು ಬಚ್ಚಲಲ್ಲಿದ್ದೆ. ಕೂಸು ಹಸಿವಿನಿಂದ ನರಳುವುದು ಕೇಳಿ ಅತ್ತೆ ಒಳಲೆಯಲ್ಲಿ ಹಾಲು ತಂದರು. ನಾಲ್ಕು ಮಕ್ಕಳನ್ನು ಸಾಕಿದ ಬೆಳ್ಳಿಯ ಒಳಲೆ. ಅದರ ಮೂತಿ ತುಟಿಗೆ ತಾಗದಂತೆ ಎತ್ತರದಿಂದ ಸಣ್ಣ ಧಾರೆ ಬಿಡುವುದು ಅವರ ಪದ್ಧತಿ. ನಾವೆಲ್ಲ ನೀರು ಕುಡಿಯುವುದೂ ಹಾಗೆಯೇ, ತಂಬಿಗೆಯನ್ನು ಎತ್ತಿಹಿಡಿದು. ಅವರ ನಾಲ್ಕು ಮಕ್ಕಳೂ ಹಾಗೇ ಕುಡಿದು ಬೆಳೆದಿದ್ದರು. ನನ್ನ ಮಗಳು ನೀಲಿಯಾದಳು. ನಾನು ಹಸಿ ಮೈಯಲ್ಲೇ ಓಡಿ ಬಂದಾಗ ಅತ್ತೆಯ ಕೈಯಲ್ಲಿ ಕೂಸು ಕಟ್ಟಿಗೆಯ ಹಾಗೆ ಬಿಗಿದಿತ್ತು. ಹಾಲು ಎದೆಗೆ ಇಳಿದು ನ್ಯುಮೋನಿಯಾ ಆಯಿತು. ಆಸ್ಪತ್ರೆಯಲ್ಲಿ ಮೂಗಿನಿಂದ ನಳಿಕೆ ಹಾಕಿ, ಇವತ್ತು ಹೋಗುತ್ತಾಳೆ ನಾಳೆ ಹೋಗುತ್ತಾಳೆ ಎನ್ನುತ್ತ ಕೊನೆಗೆ ಉಳಿಸಿ ಕಳಿಸಿದರು.

ಮನೆಗೆ ಬಂದ ದಿನ ಹೊಸಲಿನಲ್ಲೇ ನಿಂತು ನಾನು ಅತ್ತೆಗೆ ಹೇಳಿದೆ: “ಇನ್ನ ಮುಂದ ಅಕಿ ಬಾಯಿಗೆ ನೀವು ಏನೂ ಹಾಕಬ್ಯಾಡ್ರಿ. ಒಂದು ಹನಿ ನೀರು ಸುದ್ದಾ.” ಆ ಬೆಳ್ಳಿಯ ಒಳಲೆ ಪೆಟ್ಟಿಗೆ ಸೇರಿತು. ಅಂದು ಹಾಗೆ ಹೇಳಬಾರದಿತ್ತು ಎಂದು ನನ್ನ ಗಂಡ ಎಷ್ಟೋ ವರ್ಷ ಅನ್ನುತ್ತಿದ್ದರು. ನನಗೆ ಹಾಗೆ ಅನ್ನಿಸಿಲ್ಲ, ಇವತ್ತಿಗೂ ಅನ್ನಿಸುವುದಿಲ್ಲ. ನೀಲಿ ತುಟಿ ನೋಡಿದವಳು ನಾನು.

ಹೀಗೆ ನನ್ನ ಬಾಗಿಲನ್ನು ನಾನೇ ಮುಚ್ಚಿಕೊಂಡೆ. ಗಂಡ ಒಳ್ಳೆಯ ಮನುಷ್ಯ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಎರಡು ಮೂರು ಸಲ ಉಣಿಸಲು ಕೂತರು. ಅವರ ಕೈ ನಡುಗುತ್ತಿತ್ತು, ಮಗಳು ಆ ನಡುಕವನ್ನೇ ನೋಡುತ್ತ ಹಲ್ಲು ಕಚ್ಚಿಬಿಡುತ್ತಿದ್ದಳು. ತುತ್ತು ಬಾಯಿಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಅವರ ಧೋತರಕ್ಕೆ. “ನಿನ್ನ ಕೈಗುಣ ನನಗಿಲ್ಲ” ಎಂದು ಎದ್ದರು. ಕೈಗುಣ ಇಲ್ಲದವರು ಎಷ್ಟು ಸುಖಿಗಳು ಎಂದು ನಾನು ಅಂದುಕೊಂಡೆ. ಮದುವೆ, ಮುಂಜಿ, ಸಾವು ಯಾವುದಕ್ಕೂ ನಾನು ಹೋಗಲಿಲ್ಲ. ಕಮಲಾಪುರ ನನ್ನ ತವರು, ಬಸ್ಸಿನಲ್ಲಿ ಒಂದು ತಾಸಿನ ಹಾದಿ. ಅಲ್ಲಿ ಅಪ್ಪ ತೀರಿಕೊಂಡಾಗಲೂ ಒಂದು ಊಟಕ್ಕೂ ಇನ್ನೊಂದು ಊಟಕ್ಕೂ ನಡುವೆ ಹೋಗಿ, ಮುಖ ನೋಡಿ, ಮುಂದಿನ ಬಸ್ಸಿಗೆ ಬಂದವಳು ನಾನು. ಸರಿಯಾಗಿ ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಬಸ್ಸಿನಲ್ಲಿ ಅಳೋಣವೆಂದರೆ ಪಕ್ಕದಲ್ಲಿ ಕೂತಾಕೆ ಮಹಾಗಾಂವದ ತನಕ ತನ್ನ ಸೊಸೆಯ ಕಥೆ ಹೇಳಿದಳು.

ಮಗಳಿಗೆ ಒಂಬತ್ತು ತುಂಬುವ ಹೊತ್ತಿಗೆ ನನ್ನ ದೇಹ ಕೈಕೊಟ್ಟಿತು. ಮುಟ್ಟು ನಿಲ್ಲದಾಯಿತು. ತಿಂಗಳಲ್ಲಿ ಅರ್ಧದಷ್ಟು ದಿನ ರಕ್ತ ಹೋಗುತ್ತಿತ್ತು. ನಮ್ಮ ಮನೆಯಲ್ಲಿ ಮುಟ್ಟಾದವಳು ಹೊರಗೆ ಕೂಡಬೇಕು. ಮೂರು ದಿನ ಹೊರಗೆ ಕೂತು ನಾಲ್ಕನೆಯ ದಿನ ಮಿಂದು ಒಳಗೆ ಬರುವುದು ಎಲ್ಲರ ಲೆಕ್ಕ. ನನ್ನದು ಲೆಕ್ಕ ತಪ್ಪಿತು. ಆ ಕೋಣೆಯಲ್ಲೇ ಸೀಮೆಎಣ್ಣೆಯ ಸ್ಟೋವು, ಅಲ್ಲೇ ಮಗಳ ಅನ್ನ, ಅಲ್ಲೇ ಹಾಸಿಗೆ. ನನ್ನ ತೊಡೆಯ ಮೇಲಿರುವ ಮಗಳೂ ನನ್ನ ಜೊತೆ ಹೊರಗೆ. ಅತ್ತೆ ನನ್ನ ತಾಟನ್ನು ಹೊಸಲಿನ ಈಚೆ ಇಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದರು. ನಾನು ಉಣಿಸುವುದನ್ನು ನೋಡುತ್ತಿದ್ದರು. ಎಷ್ಟೋ ಹೊತ್ತು. ನನಗೆ ಮೈ ಉರಿಯುತ್ತಿತ್ತು. ಕಾವಲು ಕಾಯುತ್ತಾರೆ, ನಾನೆಲ್ಲಿ ಪಡಸಾಲೆಗೆ ಕಾಲಿಡುತ್ತೇನೋ ಎಂದು ನೋಡುತ್ತಾರೆ ಎಂದೇ ನನ್ನ ತಿಳುವಳಿಕೆ.

ಸ್ಟೇಶನ್ ಬಜಾರದ ಕಡೆ ಒಬ್ಬ ಡಾಕ್ಟರಬಾಯಿ ಇದ್ದರು. ಗಂಡ ಬಲವಂತದಿಂದ ಕರೆದೊಯ್ದರು. ಆಕೆ ನನ್ನ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ ಬೆಚ್ಚಿದರು.

“ಗರ್ಭಚೀಲದಾಗ ಗಡ್ಡಿ ಬೆಳದಾವ. ಚೀಲ ತೆಗೀಬೇಕು. ಮೈಯಾಗ ರಕ್ತನ ಇಲ್ಲಲ್ರಿ ನಿಮಗ, ಹೆಂಗ ನಡದಾಡ್ತೀರಿ?”

“ನಾ ನಡದಾಡೂದಿಲ್ರಿ. ಕೂತಿರ್ತೀನಿ” ಎಂದೆ.

ಆಕೆ ನಗಲಿಲ್ಲ. ಆಪರೇಶನ್ ಆದ ಮೇಲೆ ಒಂದು ವಾರಕ್ಕಿಂತ ಹೆಚ್ಚು ಆಸ್ಪತ್ರೆಯಲ್ಲಿರಬೇಕು, ಆಮೇಲೂ ತಿಂಗಳುಗಟ್ಟಲೆ ಭಾರ ಎತ್ತಬಾರದು ಎಂದರು. ನಾನು ಮಗಳ ವಿಷಯ ಹೇಳಿದೆ. ಆಕೆ ಪೆನ್ನು ಕೆಳಗಿಟ್ಟು ಕೇಳಿದರು:

“ನಿಮಗ ಏನರ ಆದ್ರ ಅಕಿಗೆ ಯಾರು ಉಣಿಸ್ತಾರ್ರಿ?”

ಈ ಪ್ರಶ್ನೆಯನ್ನು ನಾನು ನನಗೇ ಎಷ್ಟು ಸಲ ಕೇಳಿಕೊಂಡಿದ್ದೆ ಎಂದರೆ ಅದರ ಮೊನೆ ಮೊಂಡಾಗಿತ್ತು. ಬೇರೆಯವರ ಬಾಯಿಯಿಂದ ಕೇಳಿದಾಗ ಮತ್ತೆ ಚುಚ್ಚಿತು. ಆಸ್ಪತ್ರೆಗೆ ಹೋದರೆ ಮಗಳು ಹಸಿವಿನಿಂದ ಸಾಯುತ್ತಾಳೆ. ಹೋಗದಿದ್ದರೆ ನಾನು ಸಾಯುತ್ತೇನೆ, ಆಮೇಲೆ ಅವಳೂ ಹಸಿವಿನಿಂದಲೇ ಸಾಯುತ್ತಾಳೆ. ಎರಡೂ ಕಡೆ ಗೋಡೆ. ರಿಕ್ಷಾದಲ್ಲಿ ಮನೆಗೆ ಬರುವಾಗ ನನಗೆ ಒಂದು ಕೆಟ್ಟ ಯೋಚನೆ ಬಂತು, ಅವಳು ನನಗಿಂತ ಮೊದಲು ಹೋದರೆ ಒಳ್ಳೆಯದು ಎಂದು. ಇಂಥ ಮಕ್ಕಳ ತಾಯಂದಿರಿಗೆಲ್ಲ ಈ ಯೋಚನೆ ಬರುತ್ತದೆ. ಬರುವುದಿಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ.

ವರ್ಷದ ಮಟ್ಟಿಗೆ ಆಪರೇಶನ್ ಮುಂದೂಡಿದೆ. ಗೋಡೆ ಹಿಡಿದು ಎದ್ದೇಳುವ ಸ್ಥಿತಿ ಬಂದಾಗ ನೆನಪಾದವಳು ಕಮಲಾಪುರದ ಅಕ್ಕ. ತವರಿನ ಊರಲ್ಲೇ ಕೊಟ್ಟಿದ್ದರು ಅವಳನ್ನು. ಭಾವನಿಗೆ ಕೆಂಪು ಬಾಳೆಯ ಸಣ್ಣ ತೋಟವಿತ್ತು. ಮಕ್ಕಳು ದೊಡ್ಡವರಾಗಿದ್ದರು. ಅಕ್ಕ ಗಟ್ಟಿ ಜೀವ, ಮನೆತುಂಬ ಮಕ್ಕಳನ್ನು ಎತ್ತಿ ಆಡಿಸಿದ ಕೈ. ಅವಳು ಬಂದು ಒಂದು ತಿಂಗಳು ನನ್ನ ಪಕ್ಕ ಕೂತು ಕಲಿತರೆ, ಮಗಳಿಗೂ ಆ ಕೈ ರೂಢಿಯಾದರೆ, ನಾನು ಆಸ್ಪತ್ರೆಗೆ ಹೋಗಬಹುದು. ಇಂಥದ್ದನ್ನು ಕಾಗದದಲ್ಲಿ ಬರೆದರೆ ಆಗುವುದಿಲ್ಲ, ಎದುರಿಗೆ ಕೂತು ಕೈ ಹಿಡಿದು ಕೇಳಬೇಕು.

ಹೋಗಲು ಏಕಾದಶಿಯನ್ನು ಆರಿಸಿದೆ. ಆ ವಾರ ರಕ್ತ ನಿಂತಿತ್ತು. ಏಕಾದಶಿಯ ದಿನ ನಮ್ಮಲ್ಲಿ ಅಡಿಗೆಯಿಲ್ಲ. ಅಕ್ಕಿಯನ್ನು ಮುಟ್ಟುವುದೂ ಇಲ್ಲ. ಆದ್ದರಿಂದ ಅತ್ತೆಗೆ ಒಲೆಯ ಕೆಲಸವಿರುವುದಿಲ್ಲ, ಮಗಳ ಹತ್ತಿರ ಕೂತಿರಬಹುದು. ಮಕ್ಕಳಿಗೆ ಉಪವಾಸವಿಲ್ಲವಾಗಿ ಮಗಳ ಅನ್ನ ಮಾತ್ರ ನನ್ನ ಕೋಣೆಯ ಸ್ಟೋವಿನ ಮೇಲೆ ಆಗುತ್ತಿತ್ತು. ಬೆಳಿಗ್ಗೆ ಅವಳಿಗೆ ಹೊಟ್ಟೆತುಂಬ ಉಣಿಸಿ, ಮಧ್ಯಾಹ್ನದ ಊಟಕ್ಕೆ ವಾಪಸು ಬರುವುದು ಎಂದು ಹೊರಟೆ. ಉಪವಾಸ ನನಗೂ ಇತ್ತು. ಅತ್ತೆಗೆ ಹೇಳಿದ್ದು ಒಂದೇ ಮಾತು: “ಏನೂ ಕೊಡಬ್ಯಾಡ್ರಿ. ಹಸದು ಅತ್ರೂ ಕೊಡಬ್ಯಾಡ್ರಿ. ನಾ ಬರ್ತೀನಿ.”

“ಹೋಗಿ ಬಾ” ಎಂದರು.

ಅಕ್ಕ ನನ್ನನ್ನು ನೋಡಿ ಮೊದಲು ಅತ್ತಳು, ಆಮೇಲೆ ಬಾಗಿಲಲ್ಲೇ ದೃಷ್ಟಿ ತೆಗೆದಳು, ತೆಗೆಯಲು ಆ ಮುಖದಲ್ಲಿ ಏನು ಉಳಿದಿತ್ತೋ. ನಾನು ನೀಟಾಗಿ ಎಲ್ಲ ಹೇಳಿದೆ. ಹೇಗೆ ಮಲಗಿಸಬೇಕು, ಹೇಗೆ ಕೆನ್ನೆಯೊಳಗೆ ಇಡಬೇಕು, ಅವಳ ಕೈಯನ್ನೇ ಹಿಡಿದು ತೋರಿಸಿದೆ. ಅವಳು ಕೇಳುತ್ತ ಕೇಳುತ್ತ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

“ನಿನ್ನ ಸೇವಾ ಮಾಡು ಅನ್ನು, ಬರ್ತೀನಿ. ಆಸ್ಪತ್ರ್ಯಾಗ ಹಗಲು ರಾತ್ರಿ ಕೂಡ್ತೀನಿ. ಇದೊಂದು ಕೇಳಬ್ಯಾಡ ನನಗ.”

“ಯಾಕ?”

“ನನ್ನ ಕೈಯಾಗ ಏನರ ಆಗಿಬಿಟ್ರ? ಆಮ್ಯಾಲೆ ನಾ ನಿನ್ನ ಮಾರಿ ಹೆಂಗ ನೋಡ್ಲಿ? ನಿಮ್ಮ ಅತ್ತೀನ್ನ ನೀ ಹೆಂಗ ನೋಡ್ತೀ, ಎಲ್ಲಾರಿಗೂ ಗೊತ್ತದ.”

ಕೊನೆಯ ಮಾತು ನಿಜವೇ. ಅದಕ್ಕೇ ಸಿಟ್ಟು ಬಂತು. ಎದ್ದೆ. ಅಕ್ಕ ಹಿಂದಿನಿಂದ ಓಡಿ ಬಂದು ಒಂದು ಚೀಲ ಕೆಂಪು ಬಾಳೆಹಣ್ಣು ಕೈಗೆ ತುರುಕಿದಳು. ಹತ್ತು ವರ್ಷಕ್ಕೆ ಒಮ್ಮೆ ಏನೋ ಕೇಳಲು ಬಂದವಳಿಗೆ ಬಾಳೆಹಣ್ಣು ಕೊಟ್ಟು ಕಳಿಸುತ್ತಾಳಲ್ಲ ಎಂದು ಹೊಟ್ಟೆಯುರಿಯಿತು. ಆದರೂ ತೆಗೆದುಕೊಂಡೆ, ಮಗಳಿಗೆ ಹಣ್ಣು ನುಣ್ಣಗೆ ಹಿಸುಕಿದರೆ ಇಳಿಯುತ್ತದೆ.

ಬಸ್ಸು ಮಹಾಗಾಂವ ಕ್ರಾಸಿಗೆ ಬಂದು ನಿಂತುಬಿಟ್ಟಿತು. ಮುಂದೆ ಲಾರಿಗಳ ಸಾಲು. ಬೆಳಿಗ್ಗೆ ನಾನು ದಾಟಿ ಹೋದ ಮೇಲೆ ಒಂದು ಲಾರಿ ಯಾರದೋ ಎಮ್ಮೆಯನ್ನು ಗುದ್ದಿ ಕೊಂದಿತ್ತಂತೆ, ಗಬ್ಬದ ಎಮ್ಮೆ. ಊರಿನವರು ಅದನ್ನು ನಡುರಸ್ತೆಯಲ್ಲೇ ಮಲಗಿಸಿ, ಸುತ್ತ ಕೂತು, ಸಾಹೇಬರು ಬರುವ ತನಕ ಒಂದು ಗಾಡಿಯನ್ನೂ ಬಿಡುವುದಿಲ್ಲ ಎಂದಿದ್ದರು. ಕಂಡಕ್ಟರ್ ಇಳಿದು ಬೀಡಿ ಹಚ್ಚಿದ. ಅವನು ಬೀಡಿ ಹಚ್ಚಿದ ರೀತಿಯಲ್ಲೇ ಇದು ಬೇಗ ಬಗೆಹರಿಯುವುದಲ್ಲ ಎಂದು ಗೊತ್ತಾಯಿತು.

“ಎಷ್ಟೊತ್ತು ಆಗ್ತದ್ರಿ?”

“ಪಿಎಸ್ಐ ಸಾಹೇಬ್ರು ಬರ್ಬೇಕ್ರಿ ಬಾಯಿಯವ್ರೇ. ಖಬರ್ ಹೋಗ್ಯಾದ.”

ಮಧ್ಯಾಹ್ನವಾಯಿತು. ಮಗಳ ಊಟದ ಹೊತ್ತು ಬಂತು, ಹೋಯಿತು. ಸುತ್ತ ಕೊಯ್ದ ಜೋಳದ ಹೊಲ, ನೆರಳಿಲ್ಲ. ಫೋನು ಗೀನು ಕೈಯಲ್ಲಿ ಹಿಡಿದು ತಿರುಗುವ ಕಾಲ ಅದಲ್ಲ. ನನಗೆ ಕೂಡಲಾಗಲಿಲ್ಲ. ಬಸ್ಸಿಳಿದು ನೇರ ಎಮ್ಮೆಯ ಹತ್ತಿರ ಹೋದೆ. ಎಮ್ಮೆಯ ತಲೆಯ ಬದಿಗೆ ನನ್ನ ವಯಸ್ಸಿನ ಒಬ್ಬ ಹೆಂಗಸು ಕೂತಿದ್ದಳು. ಅವಳ ಎಮ್ಮೆ ಇರಬೇಕು. ಅಳು ಮುಗಿದ ಮುಖ.

“ದಾರಿ ಬಿಡ್ರಿ. ಮನ್ಯಾಗ ನನ್ನ ಮಗಳು ಹಸದಾಳ” ಎಂದೆ. ಬೇಡಿಕೊಳ್ಳಬೇಕೆಂದು ಹೋದವಳ ದನಿ ಜಗಳದ ದನಿಯಾಗಿತ್ತು.

“ಎಷ್ಟು ದೊಡ್ಡಾಕಿ?”

“ಹತ್ತು ವರ್ಷದಾಕಿ.”

“ಹತ್ತು ವರ್ಷದಾಕಿ ತಾನ ಹಾಕ್ಕೊಂಡು ಉಣ್ಣಂಗಿಲ್ಲೇನು?” ಎಂದಳು. ಆಮೇಲೆ ನನ್ನ ಮುಖದಲ್ಲಿ ಏನು ಕಂಡಳೋ, “ಮನ್ಯಾಗ ಯಾರೂ ಇಲ್ಲೇನವ್ವ? ಯಾರರ ಉಣಿಸ್ತಾರ ತಗೋ” ಎಂದಳು.

ಯಾರಾದರೂ ಉಣಿಸುತ್ತಾರೆ! ಇಡೀ ಲೋಕಕ್ಕೆ ಇಷ್ಟು ಸುಲಭವಾದ ಮಾತು ನನ್ನೊಬ್ಬಳಿಗೆ ಮಾತ್ರ ಯಾಕೆ ಸುಳ್ಳಾಗಬೇಕು ಎಂದು ಆ ಬಿಸಿಲಲ್ಲಿ ನಿಂತು ನಾನು ಜೋರಾಗಿ ಅತ್ತೆ. ಅಪ್ಪ ಸತ್ತಾಗಿನ ಅಳುವೂ ಅದರಲ್ಲಿ ಸೇರಿತ್ತು ಅನ್ನಿಸುತ್ತದೆ. ಆ ಹೆಂಗಸು ಎದ್ದು ಬಂದು ತನ್ನ ಸೆರಗಿನಿಂದ ನನ್ನ ಮುಖ ಒರೆಸಿದಳು. ಎಮ್ಮೆ ಕಳೆದುಕೊಂಡವಳು ಅವಳು, ಸಮಾಧಾನ ಮಾಡಿಸಿಕೊಂಡವಳು ನಾನು. ಆದರೂ ದಾರಿ ಬಿಡಲಿಲ್ಲ.

ಸಾಹೇಬರು ಬಂದು, ಮಾತಾಗಿ, ರಸ್ತೆ ತೆರೆದಾಗ ಬಿಸಿಲು ಇಳಿದಿತ್ತು. ಕಲಬುರ್ಗಿಯ ತನಕ ನಾನು ಒಂದೇ ಚಿತ್ರ ನೋಡುತ್ತ ಬಂದೆ. ನೀಲಿ ತುಟಿ. ಹಸಿದು ಅಳುತ್ತಾಳೆ, ಅಳುವಾಗ ಜೊಲ್ಲು ಸಿಕ್ಕಿಹಾಕಿಕೊಳ್ಳುತ್ತದೆ, ಫಿಟ್ಸ್ ಬರುತ್ತದೆ. ಅಥವಾ ಅತ್ತೆಗೆ ಕರುಳು ತಡೆಯದೆ ಮತ್ತೆ ಆ ಒಳಲೆ ಹುಡುಕುತ್ತಾರೆ. ಇವೆರಡರಲ್ಲಿ ಯಾವುದು ಆಗಲಿ ಎಂದು ದೇವರನ್ನು ಬೇಡುವುದೋ ತಿಳಿಯಲಿಲ್ಲ.

ಮನೆ ಬಾಗಿಲು ತೆರೆದಿತ್ತು. ಅಳು ಕೇಳಿಸಲಿಲ್ಲ. ಪಡಸಾಲೆಯ ಕಂಬ ಹಿಡಿದು ನಿಂತೆ. ಕೋಣೆಯೊಳಗೆ, ನಾನು ಕೂಡುವ ಜಾಗದಲ್ಲಿ, ನಾನು ಒರಗುವ ಗೋಡೆಗೆ ಒರಗಿ ಅತ್ತೆ ಕೂತಿದ್ದರು. ತೊಡೆಯ ಮೇಲೆ ಮಗಳು, ಓರೆಯಾಗಿ, ಗದ್ದ ಎದೆಯ ಕಡೆಗೆ. ಪಕ್ಕದಲ್ಲಿ ಸ್ಟೋವು, ಮಸಿ ಹತ್ತಿದ ಪಾತ್ರೆ, ಹಿತ್ತಾಳೆ ಸೌಟು. ಅತ್ತೆಯ ಬಲಗೈ ಬೆರಳುಗಳಿಗೆ ಅನ್ನ ಮೆತ್ತಿ ಒಣಗಿತ್ತು. ಮಗಳ ಕಣ್ಣು ನನ್ನ ಕಡೆ ಹೊರಳಿ ಅರಳಿತು.

ಅತ್ತೆಯೇ ಶುರು ಮಾಡಿದರು.

“ನೀ ಬರಲಿಲ್ಲ. ಕೂಸು ಅಳ್ಳಿಕ್ಕೆ ಹತ್ತಿತು. ತಡದೆ, ತಡದೆ, ಆಗಲಿಲ್ಲ. ಅನ್ನಕ್ಕಿಟ್ಟೆ. ಈ ಸುಡುಗಾಡ ಸ್ಟೋವು ನಿನ್ನ ಮಾತ ಕೇಳ್ತದ ನೋಡು, ನನಗ ಮಾರಿಗೆಲ್ಲ ಮಸಿ ಬಡೀತು.”

“ಹೆಂಗ ಗೊತ್ತಾತ್ರಿ ನಿಮಗ?”

“ಏನು ಹೆಂಗ? ಬಾಗಲದಾಗ ನಿಂತು ಇಷ್ಟು ವರ್ಷ ಏನು ನೋಡಿದೆ ನಾ? ಕಣ್ಣಿಲ್ಲೇನು ನನಗ?” ಎಂದರು. ಆಮೇಲೆ ದನಿ ತಗ್ಗಿಸಿದರು. “ಮೊದಲ ಬಾಯಿ ತೆರೀಲಿಲ್ಲ. ಬಾಳಾ, ಸೋನ್ಯಾ, ಎಷ್ಟು ರಮಿಸಿದೆ. ಹಲ್ಲು ಕಚ್ಚಿ ಬಿಟ್ತು. ಕಡೀಕ ನಿನ್ನಂಗ ಬೈದೆ. ನುಂಗಽ ಮಹಾರಾಣಿ ಅಂದೆ, ನಿಮ್ಮವ್ವ ಎಮ್ಮಿ ಹಂಗ ಊರಾಡ್ಲಿಕ್ಕೆ ಹೋಗ್ಯಾಳ ಅಂದೆ. ತೆರೀತು ಬಾಯಿ.”

ಎಮ್ಮೆಯ ಮಾತು ಕೇಳಿ ನನಗೆ ನಗು ಬಂತು, ನಗು ಅರ್ಧಕ್ಕೆ ಅಳುವಾಯಿತು. ಅತ್ತೆ ತಮ್ಮ ಒಣಗಿದ ಬೆರಳುಗಳನ್ನೇ ನೋಡುತ್ತಿದ್ದರು.

“ನುಣ್ಣಗ ಆಗೇದೋ ಇಲ್ಲೋ, ಕೈಗೆ ತಿಳೀಲಿಲ್ಲ. ವಯಸ್ಸಾತು, ನನ್ನ ಬೆರಳಿಗೆ ಸಣ್ಣದು ಹತ್ತಂಗಿಲ್ಲ ಈಗ. ಒಂದು ಅಗುಳು ಉಳದಿದ್ರ ಏನಾಗ್ತದ ನಾ ಬಲ್ಲೆ. ಅದಕ್ಕಽ ನಾ ಬಾಯಾಗ ಹಾಕ್ಕೊಂಡು ನೋಡಿದೆ. ನಾಲಿಗಿಂದ ಒತ್ತಿ ನೋಡಿದೆ. ಎರಡ ಸಲ ಮತ್ತ ತಿಕ್ಕಿದೆ, ಎರಡ ಸಲ ಮತ್ತ ನೋಡಿದೆ.”

ಏಕಾದಶಿಯ ದಿನ. ಅನ್ನ. ನೂರಾ ಮೂರು ಡಿಗ್ರಿ ಜ್ವರದಲ್ಲಿ ಗುಳಿಗೆಗೆ ನೀರು ಕುಡಿಯದ ಹೆಂಗಸು. ನಾನು ಅವರ ಮುಖವನ್ನು ಆ ಹತ್ತು ವರ್ಷದಲ್ಲಿ ಮೊದಲ ಸಲ ಸರಿಯಾಗಿ ನೋಡಿದೆ. ಗಲ್ಲದ ಮೇಲೆ ಮಸಿಯಿತ್ತು, ಮಸಿಯ ನಡುವೆ ಅತ್ತ ಗುರುತಿತ್ತು.

“ಅತ್ಯಾ, ಏಕಾದಶಿ...”

“ಹೋತು. ಹೋದ್ರ ಹೋಗ್ಲಿ. ಹದಿನೈದು ದಿನಕ್ಕ ಮತ್ತೊಂದು ಬರ್ತದ” ಎಂದರು. “ನಾಳಿ ಮುಂಜಾನೆ ಹೋಗಿ ಆ ಡಾಕ್ಟರಬಾಯಿಗೆ ತಾರೀಖು ಕೇಳಿ ಬಾ. ನೀ ಸತ್ತು ಮಲಗಿದ್ರ ನನಗ ಬೈಗಳ ಕಲಿಸೋರು ಯಾರು?”

ನಂಬಿಕೆ ಬರಲಿಲ್ಲ ನನಗೆ. ಒಪ್ಪಿಕೊಳ್ಳುತ್ತೇನೆ, ಸಂತೋಷಕ್ಕಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು. ಹತ್ತು ವರ್ಷ ಯಾವ ಕೆಲಸ ನನ್ನ ಉಸಿರು ಕಟ್ಟಿಸಿತ್ತೋ ಅದನ್ನು ಇನ್ನೊಬ್ಬರು ಮಾಡಿಬಿಟ್ಟರೆಂದು ಕಸಿವಿಸಿ. ಅರೆಹೊಟ್ಟೆ ಉಂಡಿರುತ್ತಾಳೆ, ವಯಸ್ಸಾದವರಿಗೆ ಏನು ತಿಳಿಯುತ್ತದೆ ಎಂದುಕೊಂಡು ಕೈ ತೊಳೆದು ಬಂದು ಕೂತೆ. ಮಗಳನ್ನು ನನ್ನ ತೊಡೆಗೆ ತೆಗೆದುಕೊಂಡೆ. ಪಾತ್ರೆಯಲ್ಲಿ ಉಳಿದದ್ದನ್ನು ಬೆರಳ ತುದಿಗೆ ತೆಗೆದು ಅವಳ ತುಟಿಗೆ ಹಿಡಿದೆ.

ಅವಳು ನನ್ನನ್ನು ನೋಡಿದಳು. ಬಾಯಿ ತೆರೆಯಲಿಲ್ಲ.

“ತೆಗೀ ಬಾಯಿ, ಮಹಾರಾಣಿ” ಎಂದೆ. ತುಟಿ ಇನ್ನೂ ಬಿಗಿಯಾಯಿತು. ಬೈದ ಮೇಲೂ ಅವಳು ನನ್ನ ಬೆರಳಿಗೆ ಯಾವತ್ತೂ ಹಾಗೆ ಬಾಯಿ ಮುಚ್ಚಿದವಳಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದೆ. ತುಂಬಿತ್ತು. ಗಟ್ಟಿಯಾಗಿ, ದುಂಡಗೆ, ನನ್ನ ಕೈಯಿಲ್ಲದೆ ತುಂಬಿತ್ತು.

ಬೆರಳ ಮೇಲಿದ್ದ ಆ ತುತ್ತನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಅತ್ತೆ ನೋಡುತ್ತಿದ್ದರು. ನಾನು ಅದನ್ನು ನನ್ನ ಬಾಯಿಗೆ ಹಾಕಿಕೊಂಡೆ, ನಾಲಿಗೆಯಿಂದ ಒತ್ತಿ ನೋಡಿದೆ. ಒಂದು ಅಗುಳೂ ಸಿಗಲಿಲ್ಲ. ನುಂಗಿದೆ.

“ಉಪ್ಪು ಕಡಿಮಿ ಆಗೇದ್ರಿ ಅತ್ಯಾ” ಎಂದೆ.

“ನಾಳಿ ನೋಡಿ ಹಾಕ್ತೀನಿ ತಗೋ” ಎಂದರು.